ಕೈ ಎತ್ತಿ ತೆಗೆದ ಮೈನಸ್

ಗಣಿತದ ಪರೀಕ್ಷೆ ಮುಗಿದ ದಿನ ಮಧ್ಯಾಹ್ನ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಪ್ರಶ್ನೆಪತ್ರಿಕೆ ಇತ್ತು. ಅದರ ಅಂಚಿಗೆಲ್ಲ ಪೆನ್ಸಿಲಿನಿಂದ ತನಗೆ ಬರಬಹುದಾದ ಅಂಕಗಳನ್ನು ಬರೆದುಕೊಂಡಿದ್ದಳು.

“ಎಷ್ಟ ಬೀಳ್ತಾವ ನೋಡ್ರಿ ಮೇಡಂ,” ಅಂದಳು.

ನಾನು ಬನಹಟ್ಟಿ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಇವಳು ರಬಕವಿಯ ನೇಕಾರರ ಮನೆಯವಳು, ಮೊದಲ ವರ್ಷದ ವಿಜ್ಞಾನ. ನಡುವರ್ಷದಲ್ಲಿ ಟೈಫಾಯ್ಡ್ ಬಂದು ಎರಡು ತಿಂಗಳು ಮಲಗಿದ್ದರಿಂದ ಪಾಠ ಅರ್ಧಕ್ಕರ್ಧ ತಪ್ಪಿತ್ತು. ಇವಳ ಅಕ್ಕ ನಾಲ್ಕು ವರ್ಷದ ಹಿಂದೆ ಬೇರೊಂದು ಕಾಲೇಜಿನಲ್ಲಿ ಇದೇ ಪರೀಕ್ಷೆಯಲ್ಲಿ, ಇದೇ ಗಣಿತದಲ್ಲಿ ಫೇಲಾಗಿ ಮನೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಎರಡನೆಯವಳೂ ಫೇಲಾದರೆ ಕಾಲೇಜಿನ ಮಾತೇ ಎತ್ತಬಾರದು ಎಂದು ಅಪ್ಪ ಹೇಳಿಬಿಟ್ಟಿದ್ದ. ಇದನ್ನು ಹುಡುಗಿ ನನಗೆ ಎರಡು ಸಲ ಹೇಳಿದ್ದಳು. ಅತ್ತಿರಲಿಲ್ಲ. ನಾಳೆ ಬಸ್ ಇಲ್ಲ ಅನ್ನುವ ಹಾಗೆ ಹೇಳಿದ್ದಳು.

ಒಂದೊಂದೇ ಪ್ರಶ್ನೆ ಕೇಳುತ್ತ ಹೋದೆ. ಬರೆದದ್ದನ್ನೆಲ್ಲ ಬಿಗಿಯಾಗಿ ಎಣಿಸಿದರೆ ಸರಿಯಾಗಿ ಪಾಸಿನ ಗೆರೆಯ ಮೇಲೆ ಬಂದು ನಿಲ್ಲುತ್ತಿದ್ದಳು. ಒಂದು ಅಂಕ ಆಚೆ ಇಲ್ಲ, ಈಚೆ ಇಲ್ಲ.

“ಇಂಟರ್ಸೆಪ್ಟ್ ಲೆಕ್ಕಾ?”

“ಮಾಡೇನ್ರಿ. ಮೈನಸ್ ನಾಕು, ಮೂರು. ಗ್ರಾಫೂ ತಗದೇನ್ರಿ.”

ಪ್ರಶ್ನೆ ಸರಳವಾಗಿತ್ತು. 3x − 4y + 12 = 0 ಎಂಬ ಸರಳರೇಖೆ ಎರಡು ಅಕ್ಷಗಳನ್ನು ಎಲ್ಲೆಲ್ಲಿ ಕತ್ತರಿಸುತ್ತದೆ, ಅಂದರೆ ಅದರ ಇಂಟರ್ಸೆಪ್ಟುಗಳು ಯಾವುವು ಎಂದು ಕಂಡುಹಿಡಿಯಬೇಕು. ಮೂರು ಅಂಕ. ನಾನು ತರಗತಿಯಲ್ಲಿ ಇದನ್ನು ಬೆರಳಿಟ್ಟು ಕಲಿಸುತ್ತೇನೆ. ರೇಖೆ ಅಡ್ಡ ಅಕ್ಷವನ್ನು ಮುಟ್ಟುವ ಜಾಗದಲ್ಲಿ ವೈ ಸೊನ್ನೆ. ಹಾಗಾಗಿ ವೈ ಇರುವ ಪದವನ್ನು ಬೆರಳಿನಿಂದ ಮುಚ್ಚಿ. ಉಳಿದದ್ದು 3x + 12 = 0. ಎಕ್ಸ್ ಅಂದರೆ ಮೈನಸ್ ನಾಲ್ಕು. ಈಗ ಬೆರಳನ್ನು ಎಕ್ಸ್ ಪದದ ಮೇಲೆ ಇಡಿ. ಉಳಿದದ್ದು −4y + 12 = 0. ವೈ ಅಂದರೆ ಮೂರು. ರೇಖೆ ಮೂಲಬಿಂದುವಿನಿಂದ ಎಡಕ್ಕೆ ನಾಲ್ಕು ಮನೆ ದೂರದಲ್ಲಿ ಅಡ್ಡ ಅಕ್ಷವನ್ನೂ, ಮೇಲಕ್ಕೆ ಮೂರು ಮನೆ ದೂರದಲ್ಲಿ ನಿಂತ ಅಕ್ಷವನ್ನೂ ಕತ್ತರಿಸುತ್ತದೆ. ಮೈನಸ್ ಇದೆ ಅಂದರೆ ಎಡಕ್ಕೆ ಎಂದರ್ಥ. ಇಷ್ಟೇ ವಿಷಯ.

“ಛಲೋ ಆತು,” ಅಂದೆ. “ಮೂರಕ್ಕ ಮೂರು.”

“ನಮ್ಮ ಅಕ್ಕ ಮೈನಸ್ ಬರೀಬ್ಯಾಡ ಅಂತಿದ್ದಳ್ರಿ. ನನಗ ಅದು ತಿಳೀಲಿಲ್ರಿ. ಎಡಕ್ಕ ನಾಕು ಮನಿ, ಬಲಕ್ಕ ನಾಕು ಮನಿ, ಎರಡೂ ಒಂದ ಹೆಂಗಾಗ್ತಾವ್ರಿ? ಸೀರಿ ಅಂಚಿನ್ಯಾಗ ಹಂಗ ಮಾಡಿದ್ರ ಹೂವು ಆಚಿ ಕಡೆ ಹೋಗಿ ಕುಂದರ್ತೈತಿ.”

ಅವರ ಮನೆಯಲ್ಲಿ ಸೀರೆಯ ಅಂಚಿನ ನಕ್ಷೆಯನ್ನು ಚೌಕುಳಿ ಕಾಗದದ ಮೇಲೆ ತುಂಬುವ ಕೆಲಸ ಇವಳದು. ನಡುವಿನ ಗೆರೆಯಿಂದ ಎಡಕ್ಕೆ ಎಷ್ಟು ಮನೆ, ಬಲಕ್ಕೆ ಎಷ್ಟು ಮನೆ ಎಂದು ಎಣಿಸಿ ಬಣ್ಣ ತುಂಬಬೇಕು. ಒಂದು ಮನೆ ತಪ್ಪಿದರೆ ಸೀರೆ ಪೂರ್ತಿ ತಪ್ಪು. ನನಗೆ ಹೆಮ್ಮೆಯಾಯಿತು. ಪಾಸಾಗುತ್ತೀ, ಚಿಂತೆ ಬಿಡು ಎಂದು ಕಳಿಸಿದೆ. ಅಕ್ಕನ ಮಾತನ್ನು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ.

ಹತ್ತು ದಿನ ಬಿಟ್ಟು ಜಮಖಂಡಿಯಲ್ಲಿ ಪೇಪರ್ ತಿದ್ದುವ ಶಿಬಿರ ಶುರುವಾಯಿತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಕಾಲೇಜುಗಳೆಲ್ಲ ಸೇರಿ ಮೊದಲ ವರ್ಷದ ಪೇಪರುಗಳನ್ನು ಕಲಸಿ, ಹೆಸರು ಮುಚ್ಚಿ, ನಂಬರು ಕೊಟ್ಟು ಒಂದೇ ಕಡೆ ತಿದ್ದಿಸುವ ಏರ್ಪಾಡು. ಯಾವ ಬಂಡಲು ಯಾರ ಮುಂದೆ ಬರುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಆ ಕಾರಣಕ್ಕೆ ಪ್ರತಿಯೊಬ್ಬರ ಕೈಗೂ ಒಂದು ಸ್ಕೀಮ್ ಕೊಡುತ್ತಾರೆ. ಯಾವ ಪ್ರಶ್ನೆಗೆ ಉತ್ತರ ಏನು, ಯಾವ ಹಂತಕ್ಕೆ ಎಷ್ಟು ಅಂಕ ಎಂದು ಅದರಲ್ಲಿ ಇರುತ್ತದೆ. ಸ್ಕೀಮಿನಲ್ಲಿ ಇದ್ದದ್ದೇ ಸರಿ.

ನಾನು ಹೋದದ್ದು ಒಂದು ದಿನ ತಡವಾಗಿ, ಕಾಲೇಜಿನ ಬೇರೆ ಕೆಲಸ ಮುಗಿಸಿ. ಸಭಾಂಗಣದಲ್ಲಿ ಇಪ್ಪತ್ತು ಜನ ಆಗಲೇ ತಲೆ ಬಗ್ಗಿಸಿದ್ದರು. ಫ್ಯಾನು ತಿರುಗಿದರೆ ಪೇಪರು ಹಾರುತ್ತವೆ, ನಿಲ್ಲಿಸಿದರೆ ಬೆವರು ಪೇಪರಿನ ಮೇಲೆ ಬೀಳುತ್ತದೆ. ಸ್ಕೀಮ್ ತೆಗೆದು ಓದುತ್ತ ಬಂದೆ. ಇಂಟರ್ಸೆಪ್ಟಿನ ಲೆಕ್ಕಕ್ಕೆ ಬಂದಾಗ ಕಣ್ಣು ಅಲ್ಲೇ ನಿಂತಿತು. ಎಕ್ಸ್ ಇಂಟರ್ಸೆಪ್ಟ್ ನಾಲ್ಕು, ಎರಡು ಅಂಕ. ವೈ ಇಂಟರ್ಸೆಪ್ಟ್ ಮೂರು, ಒಂದು ಅಂಕ. ಕೆಳಗೆ ಒಂದು ಟಿಪ್ಪಣಿ: ಇಂಟರ್ಸೆಪ್ಟ್ ಎಂಬುದು ಉದ್ದ, ಮೈನಸ್ ಬರೆದವರಿಗೆ ಆ ಭಾಗದ ಅಂಕ ಇಲ್ಲ.

ಮೈ ಉರಿದುಹೋಯಿತು. ಅಚ್ಚಿನ ತಪ್ಪಾಗಿದ್ದರೆ ನಕ್ಕು ತಿದ್ದಬಹುದು. ಇದು ಕೂತು ಯೋಚಿಸಿ ಬರೆದ ತಪ್ಪು. ಸರಿ ಬರೆದವರನ್ನು ಹುಡುಕಿ ಹುಡುಕಿ ಶಿಕ್ಷಿಸಿ ಎಂದು ಬರೆದ ತಪ್ಪು. ಆ ಹುಡುಗಿಯ ಪೇಪರು ಈ ಸಭಾಂಗಣದ ಯಾವುದೋ ಬಂಡಲಿನಲ್ಲಿ ಇತ್ತು. ಈ ಎರಡು ಅಂಕ ಹೋದರೆ ಅವಳು ಹೋದಳು.

ನೇರವಾಗಿ ಮುಖ್ಯ ಮೌಲ್ಯಮಾಪಕನ ಮೇಜಿಗೆ ಹೋದೆ. ಅವನು ನನ್ನ ಜೊತೆಗೇ ಓದಿದವನು. ಪಿಯು ಓದುವಾಗ ಇಬ್ಬರೂ ಜಮಖಂಡಿಯಲ್ಲಿ ಒಬ್ಬರೇ ಗುರುಗಳ ಹತ್ತಿರ ಟ್ಯೂಷನ್ನಿಗೆ ಹೋಗುತ್ತಿದ್ದೆವು. ಸ್ಕೀಮ್ ಬರೆದ ಮೂವರಲ್ಲಿ ಅವನೂ ಒಬ್ಬ.

“ಇದೇನೋ ಇದು? ಮೈನಸ್ ನಾಕು ಆಗಬೇಕು.”

ಅವನು ಸ್ಕೀಮ್ ನೋಡಿದ, ನನ್ನನ್ನು ನೋಡಿದ. “ಗುರುಗಳ ನೋಟ್ಸಿನ್ಯಾಗ ಹಂಗ ಐತಿ. ಹನ್ನೆರಡನೇ ಪುಟ. ನೀನೂ ಅದನ್ನ ಓದೀಯಲ್ಲ?”

ಓದಿದ್ದೆ. ನಮ್ಮ ಭಾಗದಲ್ಲಿ ಗಣಿತ ಕಲಿಸುವವರು ಬಹುತೇಕ ಅದನ್ನೇ ಓದಿದವರು. ಗುರುಗಳು ತಮ್ಮ ಕೈಯಾರೆ ಬರೆದಿದ್ದ ನೋಟ್ಸು ಅದು. ನಮ್ಮ ಬ್ಯಾಚಿನಲ್ಲಿ ಮೊದಲ ಸಲ ಜೆರಾಕ್ಸ್ ಆಯಿತು. ಆಮೇಲೆ ಅದರ ಜೆರಾಕ್ಸು, ಅದರದ್ದೂ ಜೆರಾಕ್ಸು. ಇವತ್ತಿಗೂ ಜಮಖಂಡಿಯಿಂದ ಲೋಕಾಪುರದವರೆಗೆ ಯಾವ ಜೆರಾಕ್ಸ್ ಅಂಗಡಿಯಲ್ಲಿ ಕೇಳಿದರೂ ಹೊಲಿದ ಕಟ್ಟು ತೆಗೆದುಕೊಡುತ್ತಾರೆ. ಹನ್ನೆರಡನೇ ಪುಟದ ನೆತ್ತಿಯಲ್ಲಿ ದಪ್ಪ ಅಕ್ಷರದಲ್ಲಿ ‘ಇಂಟರ್ಸೆಪ್ಟ್ – ನೆನಪಿಡಿ’ ಎಂಬ ತಲೆಬರಹ, ಅದರ ಎರಡೂ ಕಡೆ ಒಂದೊಂದು ನಕ್ಷತ್ರ. ಅದರ ಕೆಳಗೆ ಗುರುಗಳ ಬರಹದಲ್ಲಿ ‘ಮೈನಸ್ ಬಂದರೆ ಬಿಡಬೇಕು. ಉದ್ದವಷ್ಟೇ ಹಿಡಿಯಬೇಕು’ ಎಂಬ ಸಾಲು. ನಮ್ಮ ಇಡೀ ಪೀಳಿಗೆ ಆ ಸಾಲನ್ನು ಬಾಯಿಪಾಠ ಮಾಡಿದೆ.

ನಾನು ಅದರಿಂದ ಹೊರಬಂದದ್ದು ಡಿಗ್ರಿಗೆ ಧಾರವಾಡಕ್ಕೆ ಹೋದಾಗ. ಅಲ್ಲಿಯ ಅಧ್ಯಾಪಕರೊಬ್ಬರು ಬೋರ್ಡಿನ ಮುಂದೆ ನಿಲ್ಲಿಸಿ, ನೀನು ಬರೆದ ಉತ್ತರವನ್ನು ಸಮೀಕರಣದಲ್ಲಿ ಹಾಕಿ ನೋಡು ಅಂದರು. ಹಾಕಿದೆ. ಸೊನ್ನೆ ಬರಲಿಲ್ಲ. ತರಗತಿ ನಕ್ಕಿತು. ಅಂದಿನಿಂದ ನಾನು ಸರಿಯಾಗಿ ಬರೆಯುತ್ತೇನೆ, ಸರಿಯಾಗಿ ಕಲಿಸುತ್ತೇನೆ. ಆದರೆ ಗುರುಗಳು ಅಲ್ಲಿ ತಪ್ಪಿದ್ದಾರೆ ಎಂದು ಯಾರ ಮುಂದೂ ಬಾಯಿ ಬಿಡಲಿಲ್ಲ. ಅಷ್ಟು ದೊಡ್ಡವರು ಒಂದು ಕಡೆ ಎಡವಿದರೆ ಎಡವಲಿ ಎಂದು ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದೆ. ಹೀಗೆ ಸುಮ್ಮನಿದ್ದುದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡದ್ದೂ ಉಂಟು.

ಆ ದಿನ ಸುಮ್ಮನಿರಲಿಲ್ಲ. ಸಭಾಂಗಣದ ಬೋರ್ಡಿಗೆ ಹೋಗಿ ಸಮೀಕರಣ ಬರೆದೆ. ಎಕ್ಸ್ ಜಾಗದಲ್ಲಿ ನಾಲ್ಕು, ವೈ ಜಾಗದಲ್ಲಿ ಸೊನ್ನೆ ಹಾಕಿದೆ. ಹನ್ನೆರಡು ಕೂಡಿಸು ಹನ್ನೆರಡು, ಇಪ್ಪತ್ನಾಲ್ಕು. ಸೊನ್ನೆ ಬರಬೇಕಿತ್ತು. ಮತ್ತೆ ಮೈನಸ್ ನಾಲ್ಕು ಹಾಕಿದೆ. ಮೈನಸ್ ಹನ್ನೆರಡು ಕೂಡಿಸು ಹನ್ನೆರಡು, ಸೊನ್ನೆ. “ಯಾವ ಬಿಂದು ರೇಖಾದ ಮ್ಯಾಲ ಐತಿ, ನೀವ ಹೇಳ್ರಿ,” ಅಂದೆ.

ಎಲ್ಲರೂ ನೋಡಿದರು. ಯಾರಿಗೂ ತಿಳಿಯಲಿಲ್ಲ ಎಂದು ನಾನು ಹೇಳಲಾರೆ. ತಿಳಿಯಿತು. ಎಲ್ಲರೂ ಎಂಎಸ್ಸಿ ಮಾಡಿದವರು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು, “ಮೇಡಂ, ನಿನ್ನಿಂದ ಅರ್ಧಾ ಬಂಡಲ್ ಮುಗದಾವ್ರಿ. ಮತ್ತ ಎಲ್ಲಾ ಬಿಚ್ಚೂದು ಯಾರ?” ಅಂದರು.

ಇನ್ನೊಬ್ಬರು, “ಎಲ್ಲಾರಿಗೂ ಒಂದ ನ್ಯಾಯ ಆದ್ರ ಸಾಕ್ರಿ. ಹುಡುಗರಿಗೆ ನಾವು ಹಂಗ ಕಲಿಸೇವಿ, ಅವರು ಹಂಗ ಬರದಾರ,” ಅಂದರು.

“ತಪ್ಪು ಕಲಿಸಿದ್ರ?”

“ಗುರುಗಳು ತಪ್ಪು ಕಲಿಸ್ತಾರೇನ್ರಿ?”

ಬೋರ್ಡಿನ ಮೇಲೆ ಇಪ್ಪತ್ನಾಲ್ಕು ಕೂತಿದೆ, ಎಲ್ಲರ ಕಣ್ಣ ಮುಂದೆ ಕೂತಿದೆ. ಅದನ್ನು ನೋಡುತ್ತಲೇ ಗುರುಗಳ ಹೆಸರು ಹಿಡಿದು ಮಾತಾಡುತ್ತಾರೆ.

ಮುಖ್ಯ ಮೌಲ್ಯಮಾಪಕ ಎದ್ದು ನಿಂತ. ವಾದ ಬೆಳೆಸುವುದು ಬೇಡ, ಸಭೆಯ ಅಭಿಪ್ರಾಯ ಕೇಳೋಣ ಅಂದ. ಸ್ಕೀಮ್ ಇದ್ದ ಹಾಗೇ ಇರಲಿ ಅನ್ನುವವರು ಕೈ ಎತ್ತಿರಿ. ಕೈಗಳು ಎದ್ದವು. ಕೆಲವರ ಕೈಯಲ್ಲಿ ಕೆಂಪು ಪೆನ್ನೂ ಇತ್ತು. ಬದಲಿಸಬೇಕು ಅನ್ನುವವರು? ನನ್ನ ಕೈ, ಬೀಳಗಿಯಿಂದ ಬಂದಿದ್ದ ಒಬ್ಬ ತರುಣ ಉಪನ್ಯಾಸಕನ ಕೈ. ಅವನು ಆಚೀಚೆ ನೋಡಿ ಅರ್ಧಕ್ಕೇ ಕೈಯನ್ನು ಕೂದಲಿಗೆ ಒಯ್ದು ತಲೆ ಸವರಿಕೊಂಡ.

ಇಷ್ಟು ವರ್ಷ ಗಣಿತ ಕಲಿಸಿದ್ದೇನೆ, ಮೈನಸ್ ಚಿಹ್ನೆಯನ್ನು ಕೈ ಎತ್ತಿ ತೆಗೆದದ್ದನ್ನು ಅಂದೇ ನೋಡಿದ್ದು. ಮೂರೂ ಮೂರೂ ಎಷ್ಟು ಎಂದು ನಾಳೆ ಇದೇ ಸಭೆ ಕೈ ಎತ್ತಿ ಏಳು ಅಂದರೆ ಹುಡುಗರು ಏಳು ಎಂದೇ ಬರೆಯಬೇಕು. ಬಹುಮತ ಗ್ರಾಮ ಪಂಚಾಯ್ತಿಗೆ ಬೇಕು. ರೇಖೆಗೆ ಏನು ಬೇಕು? ಅದು ಎಡಕ್ಕೆ ಹೋಗಿದೆ, ಹೋಗಿಯಾಗಿದೆ. ಇದನ್ನು ನಾನು ಅಲ್ಲೇ, ಅಷ್ಟೇ ಜೋರಾಗಿ ಹೇಳಿದೆ. ಚಹಾ ಬಂತು, ಕುಡಿದರು.

ನನ್ನ ಜಾಗಕ್ಕೆ ಬಂದು ಬಂಡಲ್ ಬಿಚ್ಚಿದೆ. ಮೊದಲ ಪೇಪರಿನಲ್ಲಿ ‘4, 3’ ಇತ್ತು. ಸ್ಕೀಮಿನ ಪ್ರಕಾರ ಪೂರ್ತಿ ಅಂಕ. ಎರಡನೆಯದರಲ್ಲಿ ಹುಡುಗ y = 0 ಎಂದು ಹಾಕಿ, ಸರಿಯಾಗಿ ಮೈನಸ್ ನಾಲ್ಕು ತಂದು, ಅದರ ಮೇಲೆ ಗೀಟೆಳೆದು ನಾಲ್ಕು ಮಾಡಿದ್ದ. ಅದನ್ನು ನೋಡಿ ಅಳು ಬಂತು. ಸರಿ ಉತ್ತರ ಕೈಗೆ ಬಂದಿತ್ತು, ಹನ್ನೆರಡನೇ ಪುಟ ನೆನಪಾಗಿ ಅಳಿಸಿದ್ದ. ಮೂರನೆಯ ಪೇಪರಿನವನು ಮೈನಸ್ ನಾಲ್ಕನ್ನು ಉಳಿಸಿಕೊಂಡಿದ್ದ. ಆ ಭಾಗಕ್ಕೆ ಅವನಿಗೆ ನಾನು ಸೊನ್ನೆ ಹಾಕಬೇಕಿತ್ತು.

ಪೆನ್ನಿನ ಟೊಪ್ಪಿಗೆ ಹಾಕಿ ಮೇಜಿನ ಮೇಲಿಟ್ಟೆ. ಬಂಡಲನ್ನು ಮತ್ತೆ ಕಟ್ಟಿದೆ. ಒಂದು ಹಾಳೆ ತೆಗೆದು ‘ಆಕ್ಷೇಪಣೆ’ ಎಂದು ತಲೆಬರಹ ಕೊಟ್ಟು, ಈ ಸ್ಕೀಮಿನಂತೆ ತಿದ್ದಲು ನನಗೆ ಸಾಧ್ಯವಿಲ್ಲ, ಕಾರಣ ಹೀಗಿದೆ, ಎಂದು ಎರಡು ಬಿಂದುಗಳ ಪರೀಕ್ಷೆಯನ್ನೂ ಬರೆದು ಸಹಿ ಮಾಡಿ ಮುಖ್ಯ ಮೌಲ್ಯಮಾಪಕನ ಮುಂದೆ ಇಟ್ಟೆ. ತಿದ್ದಲು ಒಲ್ಲೆ ಅಂದರೆ ನೋಟಿಸ್ ಬರುತ್ತದೆ. ಬರಲಿ ಅನ್ನಿಸಿತು.

ಅವನು ಹಾಳೆಯನ್ನು ಎರಡು ಸಲ ಓದಿದ. “ನೀ ಹಟಾ ಬಿಡಾಕಿ ಅಲ್ಲ,” ಅಂದ. “ನಾ ಒಬ್ಬನ ಬದಲಿ ಮಾಡಿದ್ರ ಇವರು ನನ್ನ ಬಿಡೂದಿಲ್ಲ. ಗುರುಗಳ ಬಾಯಿಂದ ಬಂದ್ರ ಯಾರೂ ಉಸಿರು ಎತ್ತೂದಿಲ್ಲ. ಮುಧೋಳಕ್ಕ ಹೋಗೂಣ ನಡಿ.”

ಊಟ ಮುಗಿಸಿ ಅವನ ಬೈಕಿನಲ್ಲೇ ಹೊರಟೆವು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕು ದಾರಿ ಸವೆಯಲೇ ಇಲ್ಲ. ಗುರುಗಳಿಗೆ ಹೇಗೆ ಹೇಳುವುದು ಎಂದು ನಾನು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ. ಅವರ ಮನಸ್ಸು ನೋಯಬಾರದು, ಆದರೆ ತಪ್ಪನ್ನು ಒಪ್ಪಿಕೊಳ್ಳಬೇಕು. ಗುರುಗಳು ನಿವೃತ್ತರಾಗಿ ಮುಧೋಳದಲ್ಲಿ ಮಗನ ಮನೆಯಲ್ಲಿದ್ದರು. ಪಡಸಾಲೆಯಲ್ಲಿ ಮೊಮ್ಮಗಳಿಗೆ ಭಾಗಾಕಾರ ಹೇಳಿಕೊಡುತ್ತ ಕೂತಿದ್ದವರು ನಮ್ಮನ್ನು ನೋಡಿ ಹಿಗ್ಗಿದರು. ಸೊಸೆ ಅವಲಕ್ಕಿ ತಂದಿಟ್ಟಳು.

“ಏನ್ ವಾ, ಇಬ್ಬರೂ ಕೂಡೇ ಬಂದೀರಿ?”

ನಾನು ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಸ್ಕೀಮ್, ನನ್ನ ಆಕ್ಷೇಪಣೆಯ ಹಾಳೆ, ಗೆಳೆಯ ತಂದಿದ್ದ ಜೆರಾಕ್ಸ್ ಕಟ್ಟು ಮೂರನ್ನೂ ಅವರ ಮುಂದಿಟ್ಟು, “ಸರ್, ಹನ್ನೆರಡನೇ ಪುಟದಾಗ ನೀವು ಮೈನಸ್ ಬಿಡ್ರಿ ಅಂತ ಬರದೀರಲ್ರಿ, ಅದು ತಪ್ಪ ಐತ್ರಿ,” ಅಂದುಬಿಟ್ಟೆ.

ಅವರು ಚಾಳೀಸು ಏರಿಸಿ ಪುಟ ನೋಡಿದರು. ನೋಡುತ್ತ ನೋಡುತ್ತ ಮುಖದ ಬಣ್ಣ ಬದಲಾಯಿತು. ಅವರಿಗೆ ಸಿಟ್ಟು ಬಂದದ್ದನ್ನು ಟ್ಯೂಷನ್ನಿನ ದಿನಗಳಲ್ಲೂ ನಾನು ನೋಡಿರಲಿಲ್ಲ.

“ನಾ ಹಿಂಗ ಬರದೀನಿ?”

“ನಿಮ್ಮ ಅಕ್ಷರಾನ ಅದಾವಲ್ರಿ,” ಅಂದ ಗೆಳೆಯ.

“ಲೇ, ಸಾಲು ನಂದು. ತಲಿಬರಹ ನಂದಲ್ಲ.” ಎದ್ದು ಒಳಗೆ ಹೋದರು. ಕಪಾಟಿನ ಬಾಗಿಲು ತೆಗೆದ ಸದ್ದು ಕೇಳಿತು. ಹೊರಗೆ ಬಂದಾಗ ಕೈಯಲ್ಲಿ ನೋಟ್ಸಿನ ಮೂಲ ವಹಿ ಇತ್ತು. ಉದ್ದನೆಯ ವಹಿ, ಮಾಮೂಲಿ ಹಾಳೆಗಿಂತ ಎರಡು ಬೆರಳು ಹೆಚ್ಚು ಉದ್ದ. ಹನ್ನೆರಡನೇ ಪುಟ ತೆಗೆದು ಮೊಣಕಾಲ ಮೇಲೆ ಹರವಿದರು.

ಅವರು ಪ್ರತಿ ಪುಟದ ನೆತ್ತಿಯ ಮೇಲೆ ‘ಶ್ರೀ’ ಎಂದು ಬರೆದೇ ಪಾಠ ಶುರು ಮಾಡುವವರು. ಆ ಪುಟದಲ್ಲೂ ಶ್ರೀ ಇತ್ತು. ಅದರ ಪಕ್ಕದಲ್ಲಿ, ಅದೇ ಸಾಲಿನಲ್ಲಿ, ಅವರದೇ ಸಣ್ಣ ಅಕ್ಷರದಲ್ಲಿ ಇನ್ನೂ ಒಂದು ಮಾತಿತ್ತು: ‘ರೇಖೆ ಮತ್ತು ಅಕ್ಷಗಳ ನಡುವಿನ ತ್ರಿಕೋನದ ಕ್ಷೇತ್ರಫಲ ತೆಗೆಯುವಾಗ ಮಾತ್ರ’. ಅದರ ಕೆಳಗೆ, ನಾವೆಲ್ಲ ಬಾಯಿಪಾಠ ಮಾಡಿದ್ದ ಸಾಲು. ಮೈನಸ್ ಬಂದರೆ ಬಿಡಬೇಕು. ಉದ್ದವಷ್ಟೇ ಹಿಡಿಯಬೇಕು.

ಕ್ಷೇತ್ರಫಲಕ್ಕೆ ಅದು ಸರಿ. ತ್ರಿಕೋನದ ಬದಿಯ ಉದ್ದ ನಾಲ್ಕು, ಮೂರು. ಅರ್ಧ ಗುಣಿಸು ನಾಲ್ಕು ಗುಣಿಸು ಮೂರು, ಆರು. ಅಲ್ಲಿ ಮೈನಸ್ಸಿಗೆ ಕೆಲಸವಿಲ್ಲ. ಗುರುಗಳು ತಪ್ಪು ಬರೆದಿರಲೇ ಇಲ್ಲ. ಮೇಲಿನ ಪಟ್ಟಿ ಜೆರಾಕ್ಸಿನಲ್ಲಿ ಕತ್ತರಿಸಿಹೋಗಿತ್ತು, ಅದರ ಜಾಗದಲ್ಲಿ ಯಾರೋ ತಮಗೆ ತಿಳಿದ ತಲೆಬರಹ ಕೂರಿಸಿದ್ದರು.

“ಯಾವ ಕತ್ತೆ ಮಾಡಿದ ಕೆಲಸ ಸರ್ ಇದು?” ಅಂದೆ. ನಾಲ್ಕು ಊರಿನ ಮಕ್ಕಳ ಸಿಟ್ಟನ್ನೆಲ್ಲ ನನ್ನೊಬ್ಬಳ ಬಾಯಲ್ಲಿ ತುಂಬಿಕೊಂಡು ಕೇಳಿದೆ.

ಗುರುಗಳು ಜೆರಾಕ್ಸಿನ ಹನ್ನೆರಡನೇ ಪುಟವನ್ನೂ ನನ್ನ ಆಕ್ಷೇಪಣೆಯ ಹಾಳೆಯನ್ನೂ ಅಕ್ಕಪಕ್ಕ ಇಟ್ಟರು. ನಾನು ನೋಡಿದೆ. ‘ಇಂಟರ್ಸೆಪ್ಟ್ – ನೆನಪಿಡಿ’, ಎರಡೂ ಕಡೆ ಒಂದೊಂದು ನಕ್ಷತ್ರ. ‘ಆಕ್ಷೇಪಣೆ’, ಎರಡೂ ಕಡೆ ಒಂದೊಂದು ನಕ್ಷತ್ರ. ಐದು ಮೂಲೆ, ಕೈ ಎತ್ತದೆ ಎಳೆದದ್ದು, ಕೊನೆಯ ಗೆರೆ ಸ್ವಲ್ಪ ಹೊರಗೆ ಚಾಚಿದ್ದು. ಆ ಬೆಳಿಗ್ಗೆ ಅಷ್ಟು ಸಿಟ್ಟಿನಲ್ಲೂ ನಾನು ನಕ್ಷತ್ರ ಬರೆಯುವುದನ್ನು ಮರೆತಿರಲಿಲ್ಲ.

ಆಗ ಎಲ್ಲ ನೆನಪಾಯಿತು. ವಹಿಯನ್ನು ಜೆರಾಕ್ಸಿಗೆ ಒಯ್ಯಲು ಗುರುಗಳು ನಂಬಿ ಕೊಟ್ಟದ್ದು ನನ್ನೊಬ್ಬಳಿಗೆ. ಜಮಖಂಡಿ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯವನು, “ಪೂರಾ ಹಾಳಿ ಬರೂದಿಲ್ಲ ತಂಗಿ, ಮ್ಯಾಲಿಂದು ಬಿಡ್ಲ್ಯೋ, ಕೆಳಗಿಂದು ಬಿಡ್ಲ್ಯೋ?” ಎಂದು ಕೇಳಿದ್ದ. ಕೆಳಗೆ ಲೆಕ್ಕಗಳಿದ್ದವು. ಮೇಲೆ ಇದ್ದದ್ದು ಶ್ರೀ. ಹೋದರೆ ಶ್ರೀ ಒಂದೇ ಹೋಗುತ್ತದೆ ಎಂದುಕೊಂಡು ಮೇಲಿನದು ಬಿಡ್ರಿ ಅಂದಿದ್ದೆ. ಮನೆಗೆ ಬಂದು ನೋಡಿದರೆ ಪುಟಗಳೆಲ್ಲ ಬೋಳುಬೋಳು. ಸ್ಕೆಚ್ ಪೆನ್ ತೆಗೆದುಕೊಂಡು ಪ್ರತಿ ಪುಟಕ್ಕೂ ಚಂದದ ತಲೆಬರಹ ಕೊಟ್ಟೆ, ವಹಿಯನ್ನು ಮತ್ತೆ ತೆರೆದು ನೋಡದೆ. ಉಳಿದವರೆಲ್ಲ ಮಾಡಿಸಿಕೊಂಡದ್ದು ನನ್ನ ಆ ಪ್ರತಿಯಿಂದ. ಎಷ್ಟು ನೀಟಾಗಿದೆ ಎಂದು ಹೊಗಳಿದ್ದರು.

ಗೆಳೆಯ ನೆಲ ನೋಡುತ್ತಿದ್ದ. ಗುರುಗಳೇ ಮಾತಾಡಿದರು.

“ಜೆರಾಕ್ಸಿನ್ಯಾಗ ಕತ್ತರಸಿದ್ದು ಇರಲಿ ವಾ, ಹುಡುಗಿ ಇದ್ದಿ. ಧಾರವಾಡಕ್ಕ ಹೋಗಿ ತಪ್ಪು ಅಂತ ತಿಳೀತಲ್ಲ, ಅವಾಗ ಯಾಕ ಬಂದು ಕೇಳಲಿಲ್ಲ? ಇಪ್ಪತ್ತು ವರ್ಷ ನಾ ತಪ್ಪು ಬರದೀನಿ ಅಂತ ತಿಳಕೊಂಡು ಸುಮ್ಮನ ಕುಂತಿ?”

ದೊಡ್ಡ ಮನಸ್ಸು ಮಾಡಿದ್ದೆ ಎಂದು ಅವರ ಮುಂದೆ ಹೇಳಲು ಬಾಯಿ ಬರಲಿಲ್ಲ. ಅವರು ನನ್ನ ಆಕ್ಷೇಪಣೆಯ ಹಾಳೆಯ ಕೆಳಗೆ ‘ಇವಳು ಬರೆದದ್ದು ಸರಿ’ ಎಂದು ಬರೆದು ಸಹಿ ಹಾಕಿ ಕೊಟ್ಟರು. ಅವಲಕ್ಕಿ ಹಾಗೇ ಉಳಿಯಿತು.

ಮರುದಿನ ಬೆಳಿಗ್ಗೆ ಸಭಾಂಗಣದಲ್ಲಿ ಗುರುಗಳ ಸಹಿ ತೋರಿಸಿದರೆ ಸಾಕಿತ್ತು. ಗೆಳೆಯ ಅಷ್ಟೇ ಮಾಡೋಣ, ಉಳಿದದ್ದು ಬೇಡ ಅಂದ. ನಾನು ಎದ್ದು ನಿಂತು ನಕ್ಷತ್ರದ ವಿಷಯವನ್ನೂ ಹೇಳಿದೆ. ಹಿಂದಿನ ದಿನ ಅವರನ್ನೆಲ್ಲ ಅಷ್ಟು ಬೈದಿದ್ದೆ, ನನ್ನನ್ನು ಬಿಟ್ಟು ಬೈದಿದ್ದೆ. ಯಾರೂ ನಗಲಿಲ್ಲ. ಒಬ್ಬರು ಮಾತ್ರ, “ಹೋಗ್ಲಿ ಬಿಡ್ರಿ ಮೇಡಂ,” ಅಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ಮುಗಿದ ಬಂಡಲುಗಳನ್ನೆಲ್ಲ ಬಿಚ್ಚಬೇಕಾಯಿತು. ಮೊದಲು ಹಂತದ ಅಂಕಗಳನ್ನು ಹೊಸದಾಗಿ ಕೂಡ್ರಿಸಿದೆವು. ಮೈನಸ್ ನಾಲ್ಕು ಎಂದು ಬರೆದವರಿಗೆ ಎರಡು. y = 0 ಹಾಕಿ ಮೈನಸ್ ನಾಲ್ಕು ತಂದು ಕೊನೆಗೆ ಮೈನಸ್ ಅಳಿಸಿದವರಿಗೆ ಒಂದು. ಬರೀ ನಾಲ್ಕು ಎಂದು ಬರೆದವರಿಗೆ ಇಲ್ಲ. ಈ ಕೊನೆಯದಕ್ಕೆ ದೊಡ್ಡ ಜಗಳವೇ ಆಯಿತು. ಕಲಿಸಿದ ಹಾಗೆ ಬರೆದ ಮಕ್ಕಳ ತಪ್ಪೇನು ಎಂದು ಕೇಳಿದರು. ಮಕ್ಕಳ ತಪ್ಪು ಏನೂ ಇಲ್ಲ. ಆದರೂ ನಾಲ್ಕು ಆ ರೇಖೆಯ ಮೇಲೆ ಇಲ್ಲ. ಈ ಎರಡು ಮಾತನ್ನು ಹೇಗೆ ಹೊಂದಿಸುವುದೋ ನನಗೆ ಇಂದಿಗೂ ತಿಳಿದಿಲ್ಲ. y = 0 ಹಾಕಿದ ಒಂದು ಸಾಲು ಬರೆದಿದ್ದರೂ ಒಂದು ಅಂಕ ಕೊಡಿ ಎಂದು ಕೊನೆಗೆ ಒಪ್ಪಂದವಾಯಿತು.

ಹೆಚ್ಚಿನ ಬಂಡಲುಗಳನ್ನು ನಾನೇ ಎಳೆದುಕೊಂಡೆ. ಎರಡು ದಿನ ಆ ಒಂದೇ ಪ್ರಶ್ನೆ ನೋಡಿದೆ. ಎರಡನೆಯ ದಿನ ಸಂಜೆಯ ಹೊತ್ತಿಗೆ ಒಂದು ಪೇಪರು ಬಂತು. ಪಕ್ಕದಲ್ಲಿ ಗ್ರಾಫು, ಪ್ರತಿ ಮನೆಯನ್ನೂ ಸೂಜಿಯಿಂದ ಚುಚ್ಚಿದಷ್ಟು ಸಣ್ಣ ಚುಕ್ಕೆಯಿಟ್ಟು ಎಣಿಸಿದ್ದು. ರೇಖೆ ಎಡಕ್ಕೆ ನಾಲ್ಕನೆಯ ಮನೆಯನ್ನು ಕತ್ತರಿಸಿತ್ತು. ಆ ಮೈನಸ್ಸಿನ ಸುತ್ತ ಯಾರೋ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದರು. ಸುತ್ತನ್ನು ಹೊಡೆದುಹಾಕಿ ಅಂಕ ತಿದ್ದಿ ಸಹಿ ಮಾಡಿದೆ. ಮೊತ್ತ ಕೂಡಿಸಲು ಮಾತ್ರ ಹೋಗಲಿಲ್ಲ. ಬೀಳಗಿಯ ಆ ತರುಣನ ಮುಂದೆ ಸರಿಸಿದೆ. ಅವನು ಕೂಡಿಸಿ ಮುಂದಿನದು ತೆಗೆದುಕೊಂಡ.

ಫಲಿತಾಂಶದ ದಿನ ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಪಾಸು, ಸರಿಯಾಗಿ ಗೆರೆಯ ಮೇಲೆ. ಜೊತೆಗೆ ಅಕ್ಕನೂ ಬಂದಿದ್ದಳು. ತೆಳ್ಳಗಿನ ಹುಡುಗಿ, ಕೂದಲಿಗೆ ನೂಲಿನ ಎಳೆ ಅಂಟಿತ್ತು. ಬಾಗಿಲ ಹೊರಗೇ ನಿಂತಿದ್ದಳು. ಒಳಗೆ ಬಾ ಎಂದು ನಾನೇ ಕರೆದೆ.

“ಮೇಡಂ, ಆ ಜೆರಾಕ್ಸ್ ತಪ್ಪಿತ್ತಂತಲ್ರಿ, ಎಲ್ಲಾರೂ ಅನ್ನಾಕತ್ತಾರ,” ಅಂದಳು ತಂಗಿ. “ಯಾರ್ ಬರದಾರ್ರಿ ಅದನ್ನ? ಅಂಥವರನ್ನ ಸುಮ್ಮ ಬಿಡಬಾರದ್ರಿ.”

ಅಕ್ಕ ಚೀಲದಿಂದ ಮಡಚಿದ ಒಂದು ಹಾಳೆ ತೆಗೆದಳು. ನಾಲ್ಕು ವರ್ಷ ಇಟ್ಟುಕೊಂಡಿದ್ದ ಹನ್ನೆರಡನೇ ಪುಟ. ಮಡಿಕೆಯ ಕಡೆ ಹರಿದಿತ್ತು, ನಕ್ಷತ್ರಗಳು ಹಾಗೇ ಇದ್ದವು.

“ಇದನ್ನ ಓದೇ ನಾ ಬರದಿದ್ದೆ ಮೇಡಂ. ಆ ವರ್ಷ ನಮ್ಮ ಪೇಪರ್ ಬ್ಯಾರೆ ಕಡೆ ತಿದ್ದಾಕ ಹೋಗಿದ್ದುವು. ಅಲ್ಲಿಯವರು ಸರಿಯಾಗಿ ತಿದ್ಯಾರ. ಎರಡ ಮಾರ್ಕ್ಸಿಗೆ ಹೋತು ನಂದು.”

ಅಂದು ಹುಡುಗಿ ಹೇಳಿದ್ದ ಮಾತು ಆಗ ಕಿವಿಗೆ ಬಿತ್ತು. ನಮ್ಮ ಅಕ್ಕ ಮೈನಸ್ ಬರೀಬ್ಯಾಡ ಅಂತಿದ್ದಳ್ರಿ.

“ಆ ತಲಿಬರಹ ಬರದಾಕಿ ನಾನ,” ಅಂದೆ. ಹೇಗೆ ಆಯಿತು ಎಂಬುದನ್ನೂ ಹೇಳಿದೆ. ವಹಿ ಉದ್ದವಿದ್ದದ್ದು, ಶ್ರೀ ಹೋದದ್ದು, ನಾನು ಆಮೇಲೂ ಬಾಯಿ ಬಿಡದೆ ಕೂತದ್ದು, ಎಲ್ಲ.

ತಂಗಿ ಅಕ್ಕನ ಮುಖ ನೋಡಿದಳು. ಅಕ್ಕ ಹಾಳೆಯನ್ನು ಮತ್ತೆ ಮೊದಲಿನ ಮಡಿಕೆಗಳಲ್ಲೇ ಮಡಚಿದಳು. ಸಿಟ್ಟಿನಿಂದ ಕೇಳಲಿಲ್ಲ, ತಿಳಿದುಕೊಳ್ಳಬೇಕು ಎಂದೇ ಕೇಳಿದಳು.

“ಹಂಗಾರ ನಂದು ಪೇಪರ್ ಈಗ ಯಾರ್ ತಿದ್ದತಾರ್ರಿ?”